ಒಪ್ಪಿಗೆ ಇದ್ದವರು ಕೈ ಎತ್ತಿ

ಕಾನೂನು ಒಳ್ಳೆಯದೇ. ಅದರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಪಾಳಿ ಮುಗಿದ ಮೇಲೂ ದುಡಿಸಿಕೊಂಡರೆ ದುಪ್ಪಟ್ಟು ಕೂಲಿ ಕೊಡಬೇಕು, ವಾರಕ್ಕೆ ಇಷ್ಟೇ ಎಂಬ ಮಿತಿ ದಾಟಬಾರದು, ಒಪ್ಪಿಗೆಯಿಲ್ಲದೆ ಯಾರನ್ನೂ ನಿಲ್ಲಿಸಿಕೊಳ್ಳಬಾರದು ಎಂದು ಅಧಿಕಾರಿಯೊಬ್ಬಳು ಬಂದು ಹೇಳಿಹೋದ ದಿನ ಔಷಧದ ಕಾರ್ಖಾನೆಯಲ್ಲಿ ಎಲ್ಲರ ಮುಖ ಅರಳಿತ್ತು. ಅದಕ್ಕೆ ಮುಂಚೆ ಮೇಸ್ತ್ರಿ ಗೇಟಿಗೆ ಬೀಗ ಜಡಿದು ಕೆಲಸ ತೆಗೆಯುತ್ತಿದ್ದ. ಅಂದಿನಿಂದ ಬೀಗ ಹೋಯಿತು.

ಮೇಸ್ತ್ರಿಗೆ ಬೆನ್ನ ಹಿಂದೆ ಇದ್ದ ಹೆಸರು ನಗುಮುಖ. ಆಸಾಮಿ ಕಾನೂನನ್ನು ಮುರಿಯಲಿಲ್ಲ, ಅಕ್ಷರಕ್ಕೆ ಅಕ್ಷರ ಪಾಲಿಸಿದ. ಪಾಳಿ ಮುಗಿಯುವ ಹೊತ್ತಿಗೆ ಸಿರಪ್ ತುಂಬುವ ಸಾಲಿನ ತುದಿಯಲ್ಲಿ ನಿಂತು, ಒಪ್ಪಿಗೆ ಇದ್ದವರು ಕೈ ಎತ್ತಿ, ಬಲವಂತವೇನಿಲ್ಲ ಎನ್ನುವನು. ಸಾಲಿನಲ್ಲಿ ಇದ್ದದ್ದು ಎಂಟು ಜನ. ಒಬ್ಬರು ಕೈ ಎತ್ತದಿದ್ದರೂ ಸಾಲು ಓಡದು, ಓಡದಿದ್ದರೆ ಎಂಟೂ ಜನ ಬರಿಗೈಲಿ ಮನೆಗೆ. ಗೇಟು ಕಾಯುವ ಕೆಲಸವನ್ನು ಹೀಗೆ ಎಂಟು ಜನಕ್ಕೇ ಹಂಚಿಕೊಟ್ಟು ತಾನು ಕೈ ತೊಳೆದುಕೊಂಡಿದ್ದ. ಒಬ್ಬರನ್ನೊಬ್ಬರು ಓರೆಗಣ್ಣಲ್ಲಿ ನೋಡುತ್ತ ಎಲ್ಲರೂ ದಿನವೂ ಕೈ ಎತ್ತುತ್ತಿದ್ದರು.

ಆ ಎಂಟರಲ್ಲಿ ಒಬ್ಬಳು ಲೈಟಿನಕ್ಕ. ಉರಿಯುವ ಬಿಳಿ ಗಾಜಿನ ಮುಂದೆ ಕೂತು, ಒಂದೊಂದು ಬಾಟಲಿಯನ್ನೂ ತಲೆಕೆಳಗು ಮಾಡಿ, ಒಳಗೆ ಕಸವೋ ಕೂದಲೋ ತೇಲುತ್ತಿದೆಯೇ ಎಂದು ನೋಡುವುದು ಅವಳ ಕೆಲಸ. ಅದಕ್ಕೆ ಕಣ್ಣಿನ ಪರೀಕ್ಷೆ ಪಾಸಾಗಿರಬೇಕು. ಆ ಪಾಳಿಯಲ್ಲಿ ಪಾಸಾದವಳು ಅವಳೊಬ್ಬಳೇ. ಹಾಗಾಗಿ ಅವಳ ಜಾಗದಲ್ಲಿ ಬೇರೆಯವರನ್ನು ಕೂರಿಸುವ ಮಾತೇ ಇರಲಿಲ್ಲ.

ಅವಳ ಮನೆಯಲ್ಲಿ ಮರೆವು ಹಿಡಿದ ತಾಯಿ ಇದ್ದಳು. ಗಂಡ ಲಾರಿಯ ಮೇಲೆ ಊರೂರು ಸುತ್ತುವವನು. ಹಗಲಲ್ಲಿ ಕೆಳಗಿನ ಮನೆಯ ಟೈಲರಮ್ಮ ಹೊಲಿಗೆ ಮಿಷನ್ನನ್ನು ಇವರ ಕೋಣೆಗೇ ತಂದಿಟ್ಟುಕೊಂಡು ಮುದುಕಿಯ ಜೊತೆ ಕೂರುತ್ತಿದ್ದಳು. ಆರಕ್ಕೆ ಅವಳು ಮಗಳ ಮನೆಗೆ ಕೂಸು ನೋಡಿಕೊಳ್ಳಲು ಓಡಬೇಕು. ಆಗಿನಿಂದ ಲೈಟಿನಕ್ಕ ಬರುವ ತನಕ ಮುದುಕಿಯನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ. ಬೀಗ ಹಾಕದಿದ್ದರೆ ಮುದುಕಿ ಬೀದಿಗಿಳಿಯುತ್ತಾಳೆ, ಬೀದಿಗಿಳಿದರೆ ವಾಪಸು ಬರುವುದು ಗೊತ್ತಿಲ್ಲ.

ಒಂದು ದಿನ ಬೆಳಿಗ್ಗೆ ಟೈಲರಮ್ಮ ಒಳಗೆ ಕಾಲಿಡದೆ ಹೊಸ್ತಿಲಲ್ಲೇ ನಿಂತಳು. ನಿನ್ನೆ ಬೀಗ ಹಾಕಿ ಮೆಟ್ಟಿಲಿಳಿಯುವಾಗ ಮುದುಕಿ ಬಾಗಿಲಿಗೆ ತಲೆ ಚಚ್ಚಿಕೊಳ್ಳುವ ಸದ್ದು ಕೇಳಿತಂತೆ. ರಾತ್ರಿಯಿಡೀ ಅವಳಿಗೆ ರೆಪ್ಪೆ ಅಂಟಿರಲಿಲ್ಲ.

"ಇವತ್ತು ಆರಕ್ಕೆ ನೀನು ಬಂದ್ರೆ ಸರಿ. ಬರ್ಲಿಲ್ಲ ಅಂದ್ರೆ ನಾಳೆಯಿಂದ ನನ್ನ ಕರೀಬೇಡ. ಜೀವ ಇರೋರನ್ನ ಬೀಗ ಹಾಕಿ ಹೋಗೋದು ನನ್ನ ಕೈಲಾಗಲ್ಲ ಕಣಮ್ಮ."

ಟೈಲರಮ್ಮ ಕೈಬಿಟ್ಟರೆ ತಾಯಿ ಬೆಳಗಿನಿಂದಲೇ ಬೀಗದೊಳಗೆ ಇರಬೇಕು, ಇಲ್ಲವೇ ತಾನು ಕೆಲಸ ಬಿಡಬೇಕು. ಬರುತ್ತೇನೆ, ಆಣೆ ಮಾಡಿ ಹೇಳುತ್ತೇನೆ, ಬರುತ್ತೇನೆ ಎಂದಳು ಲೈಟಿನಕ್ಕ. ದಾರಿಯುದ್ದಕ್ಕೂ ಒಂದೇ ಮಾತನ್ನು ಬಾಯಿಪಾಠ ಮಾಡಿದಳು: ಇವತ್ತು ನನಗೆ ಆಗಲ್ಲ.

ಊಟದ ಹೊತ್ತಿನಲ್ಲಿ ಅದನ್ನು ಮೊದಲು ಹೇಳಿದ್ದು ನಾದಿನಿಗೆ. ಗಂಡನ ತಂಗಿ, ಸಾಲಿನಲ್ಲಿ ಪಕ್ಕದ ಸ್ಟೂಲಿನವಳು, ಮುಚ್ಚಳ ತಿರುಗಿಸುವವಳು. ಅಪಘಾತವಾದಾಗಿನಿಂದ ನಾದಿನಿಯ ಗಂಡ ಹಾಸಿಗೆ ಬಿಟ್ಟೆದ್ದಿರಲಿಲ್ಲ. ಅವಳು ತುತ್ತು ಕೈಯಲ್ಲೇ ಹಿಡಿದು ಕೇಳಿಸಿಕೊಂಡಳು. ಊಟದ ಡಬ್ಬಿ ತೊಳೆಯುವಷ್ಟರಲ್ಲಿ ಸುದ್ದಿ ಸಾಲಿಗೆಲ್ಲ ಹಬ್ಬಿತ್ತು. ಯಾರಾದರೂ ಬೈದಿದ್ದರೆ ಲೈಟಿನಕ್ಕ ತಿರುಗಿ ಬೈದು ಹಗುರವಾಗುತ್ತಿದ್ದಳು, ಬಾಯಲ್ಲೇನು ಅವಳು ಕಡಿಮೆಯವಳಲ್ಲ. ಯಾರೂ ಬೈಯಲಿಲ್ಲ. ಒಬ್ಬೊಬ್ಬರಾಗಿ ಹತ್ತಿರ ಬಂದು ತಮ್ಮ ತಮ್ಮ ಸಂಕಟ ಹೇಳಿಕೊಂಡರು. ಚೀಟಿ ಅಂಟಿಸುವವನಿಗೆ ಮನೆ ಖಾಲಿ ಮಾಡು ಎಂದಿದ್ದರು. ಡಬ್ಬ ಮಡಚುವ ಅಜ್ಜ ಕಣ್ಣಲ್ಲಿ ನೀರು ತಂದುಕೊಂಡ. ಅವನು ಅತ್ತದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ. ಯಾರದೂ ಸುಳ್ಳಾಗಿರಲಿಲ್ಲ ಎನ್ನುವುದೇ ಅವಳಿಗೆ ತಡೆಯಲಾಗದೆ ಹೋಯಿತು. ನಿಮಗೆಲ್ಲ ಹೇಳಿಕೊಳ್ಳಲು ನಾನಿದ್ದೇನೆ, ನಾನು ಯಾರಿಗೆ ಹೇಳಲಿ ಎಂದು ಗಾಜಿನ ಬೆಳಕಿಗೆ ಮುಖ ಕೊಟ್ಟು ಮಧ್ಯಾಹ್ನವೆಲ್ಲ ಕೂತಳು.

ನಗುಮುಖ ಬಂದ. ಒಪ್ಪಿಗೆ ಕೇಳಿದ. ಏಳು ಕೈ ಎದ್ದವು.

ಲೈಟಿನಕ್ಕನ ಎರಡೂ ಕೈ ಮಡಿಲಲ್ಲಿದ್ದವು. ನಗುಮುಖನ ನಗು ಎಳ್ಳಷ್ಟೂ ಮಾಸಲಿಲ್ಲ.

"ಬಲವಂತ ಏನಿಲ್ಲ, ನಿಧಾನಕ್ಕೆ ಯೋಚ್ನೆ ಮಾಡಿ," ಎಂದು ಸಾಲಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತ. ಏಳು ಜನ ಕೈ ಇಳಿಸದೆ ಅವಳನ್ನೇ ನೋಡುತ್ತಿದ್ದರು.

ಆಗ ನಾದಿನಿ ಇನ್ನೊಂದು ಕೈ ಚಾಚಿ ಅವಳ ಮಣಿಕಟ್ಟು ಹಿಡಿದಳು. ಒರಟಾಗಿಯೇನಲ್ಲ, ಮಗುವಿಗೆ ಅಂಗಿ ತೊಡಿಸುವಾಗ ಕೈ ಎತ್ತುವಂತೆ ಮೆತ್ತಗೆ ಮೇಲೆತ್ತಿದಳು.

"ಅತ್ತಿಗೆ, ಇವತ್ತೊಂದಿನ," ಎಂದಳು. "ನಿಮ್ಮ ಕಾಲಿಗೆ ಬೀಳ್ತೀನಿ."

ಕೈ ಬಿಡಿಸಿಕೊಳ್ಳಬಹುದಿತ್ತು. ನಾದಿನಿಯ ಹಿಡಿತದಲ್ಲಿ ಅಂಥ ಬಲವೇನೂ ಇರಲಿಲ್ಲ, ಸುಮ್ಮನೆ ಕೆಳಗೆಳೆದುಕೊಂಡಿದ್ದರೆ ಸಾಕಾಗಿತ್ತು. ಲೈಟಿನಕ್ಕ ಎಳೆದುಕೊಳ್ಳಲಿಲ್ಲ. ಸ್ವಲ್ಪ ಹೊತ್ತಿಗೆ ನಾದಿನಿ ತನ್ನ ಕೈ ತೆಗೆದಳು, ಇವಳದು ಅಲ್ಲೇ ನಿಂತಿತ್ತು. ನಗುಮುಖ ಎಂಟು ಎಂದು ಎಣಿಸಿ ಸಾಲು ಶುರು ಮಾಡಿದ.

ಬಾಟಲಿಗಳು ಬಂದವು. ಅವಳು ಒಂದೊಂದನ್ನೂ ತಲೆಕೆಳಗು ಮಾಡಿ ನೋಡಿದಳು. ಕಣ್ಣು ತುಂಬಿ ಬಂದಿದ್ದರಿಂದ ಏನೂ ಕಾಣುತ್ತಿರಲಿಲ್ಲ. ಎಲ್ಲವನ್ನೂ ಸರಿಯಿದೆ ಎಂದು ಮುಂದಕ್ಕೆ ಬಿಟ್ಟಳು. ಯಾವ ಮನೆಯ ಯಾವ ರೋಗಿಯ ಬಾಯಿಗೆ ಏನು ಹೋಗುತ್ತದೋ ಎಂಬ ಭಯ ಕೂಡ ಅಂದು ಅವಳಲ್ಲಿ ಹುಟ್ಟಲಿಲ್ಲ.

ಬಿಟ್ಟೊಡನೆ ಎದ್ದೆನೋ ಬಿದ್ದೆನೋ ಎಂದು ಓಡಿದಳು. ಬಾಗಿಲು ತೆರೆದೇ ಇತ್ತು. ಟೈಲರಮ್ಮ ಮಗಳ ಮನೆಯಿಂದ ಆಗಲೇ ಬಂದು ಬೀಗ ತೆಗೆದು, ಮುದುಕಿಯನ್ನು ಮಂಚದ ಮೇಲೆ ಕೂರಿಸಿ, ಎರಡೂ ಅಂಗೈಗೆ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ಬಾಗಿಲು ಬಡಿದೂ ಬಡಿದೂ ಅಂಗೈ ನೀಲಿಗಟ್ಟಿ ಊದಿಕೊಂಡಿದ್ದವು. ಕೂಗಿ ಕೂಗಿ ದನಿ ಸತ್ತಿತ್ತು.

"ಬಲವಂತವಾಗಿ ನಿಲ್ಲಿಸ್ಕೊಂಡ್ರಾ?" ಎಂದು ಟೈಲರಮ್ಮ ಕೇಳಿದಳು. ಹೌದು ಅನ್ನಲಿ ಎಂಬ ಆಸೆ ಅವಳ ದನಿಯಲ್ಲೇ ಇತ್ತು. ಹೌದು ಅಂದಿದ್ದರೆ ಬಹುಶಃ ನಾಳೆಯೂ ಬರುತ್ತಿದ್ದಳು.

"ಇಲ್ಲ," ಎಂದಳು ಲೈಟಿನಕ್ಕ. "ನಾನೇ ಕೈ ಎತ್ತಿದೆ."

ಟೈಲರಮ್ಮ ಬಟ್ಟೆಯ ಗಂಟು ಬಿಗಿದು, ಕೀಲಿಯನ್ನು ಮಂಚದ ಮೇಲಿಟ್ಟು, ಹೊಲಿಗೆ ಮಿಷನ್ನನ್ನು ಎತ್ತಿಕೊಂಡು ಕೆಳಗಿಳಿದಳು. ಭಾರದ ಮಿಷನ್ನು. ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿಯುವುದು ಕೇಳಿಸುತ್ತಿತ್ತು.

ಲೈಟಿನಕ್ಕ ನೆಲದ ಮೇಲೆ ಕೂತು ತಾಯಿಯ ಮೊಣಕಾಲಿಗೆ ಹಣೆ ಹಚ್ಚಿದಳು. ಬೆಳಗಿನ ಹೊತ್ತು ಮಗಳ ಗುರುತು ಹಿಡಿಯುವ ಮುದುಕಿಗೆ ಕತ್ತಲಾದ ಮೇಲೆ ಯಾರೂ ಗೊತ್ತಾಗುತ್ತಿರಲಿಲ್ಲ. ಯಾರೋ ಪರಿಚಯವಿಲ್ಲದವಳು ಹೀಗೆ ಕಾಲ ಬಳಿ ಅಳುತ್ತಿರುವುದು ಕಂಡು ಅವಳಿಗೆ ಮುಜುಗರವಾಯಿತು. ಬಟ್ಟೆ ಸುತ್ತಿದ ಕೈಯಿಂದ ಇವಳ ತಲೆ ಮುಟ್ಟಿ, ಸತ್ತ ದನಿಯಲ್ಲಿ ಗುಟ್ಟಾಗಿ ಹೇಳಿದಳು.

"ನನ್ನ ಮಗಳು ಬರೋ ಹೊತ್ತಾಯ್ತಮ್ಮ. ಬಾಗಿಲು ಬಡಿದೆ ಅಂತ ಅವಳ ಹತ್ರ ಹೇಳ್ಬಿಟ್ಟೀಯ. ಪಾಪ, ದಣಿದು ಬರ್ತಾಳೆ."

"ಹೇಳಲ್ಲಮ್ಮ," ಎಂದಳು ಮಗಳು.