ಝಹಾರಿಯ ಪಾಲಿನ ಬಿಸಿನೀರು

ಬಾಗಿಲಲ್ಲೇ ನಿಂತು ವಸೀಲ್ಕಾ, ಸ್ಮಶಾನದಿಂದ ಬಂದವರ ಕೈಮೇಲೆ ಹೂಜಿಯಿಂದ ನೀರು ಹೊಯ್ಯುತ್ತಿದ್ದಳು. ಪೆರ್ನಿಕ್ ಊರಿನ ಫೆಬ್ರವರಿಯ ನೀರು. ಬೆರಳಿಗೆ ಬಿದ್ದರೆ ಸೂಜಿ ಚುಚ್ಚಿದ ಹಾಗೆ.

"ಅಯ್ಯಪ್ಪಾ! ಒಂಚೂರು ಬೆಚ್ಚಗೆ ಮಾಡ್ಬಾರ್ದಿತ್ತೇನಕ್ಕ?" ಎಂದು ಮೆತೋದಿ ಕೈ ಕೊಡವಿದ. ಸತ್ತ ಝಹಾರಿಯ ಜೊತೆಗೆ ಆಯುಷ್ಯವಿಡೀ ಕಲ್ಲಿದ್ದಲ ಗಣಿಗೆ ಇಳಿದವನು ಅವನು.

"ಬಾಯ್ಲರ್ ಬಿಚ್ಚಿಟ್ಟು ಹೋಗಿದ್ದಾನಲ್ಲ ನನ್ನ ತಮ್ಮ, ಅವನನ್ನೇ ಕೇಳು," ಎಂದಳು ಝಹಾರಿಯ ಅಕ್ಕ.

"ಗಣಿಯಿಂದಾದ್ರೆ ಹತ್ತಿ ಬರ್ತಿದ್ದ. ಮೇಲಿಂದ ಇಳಿದು ಬರೋನಲ್ಲ ಬಿಡು."

ಹಿಂದೆ ನಿಂತಿದ್ದ ಪೆನ್ಕಾ ಕೈಯೊಡ್ಡಿದಳು. ಝಹಾರಿಯ ಹೆಂಡತಿ, ಎರಡು ದಿನದಿಂದ ವಿಧವೆ.

ಮನೆಯಲ್ಲೆಲ್ಲ ವಿನೆಗರ್ ವಾಸನೆ. ಬಚ್ಚಲಮನೆಯ ಬಕೆಟ್ಟಿನಲ್ಲಿ ಬಾಯ್ಲರಿನ ಕಾಯಿಲ್ ಇನ್ನೂ ನೆನೆಯುತ್ತಲೇ ಇತ್ತು. ಬಂದವರು ಬೇಯಿಸಿದ ಗೋಧಿಯನ್ನು ಒಂದೊಂದು ಚಮಚ ಬಾಯಿಗೆ ಹಾಕಿಕೊಂಡು, "ದೇವರು ಅವನನ್ನ ಕ್ಷಮಿಸಲಿ" ಎಂದು ಸತ್ತವನ ಹೆಸರಲ್ಲಿ ನೆಲಕ್ಕೆ ಒಂದು ತೊಟ್ಟು ವೈನ್ ಬಿಟ್ಟು ಕೂತರು. ಎರಡನೆಯ ಲೋಟಕ್ಕೆ ನಾಲಿಗೆಗಳು ಸಡಿಲವಾದವು.

"ನಮ್ಮನೆಗೊಂದು ಕಪಾಟು ಮಾಡ್ಕೊಟ್ಟ," ಎಂದ ಮೆತೋದಿ. "ಬಾಗಿಲು ಮುಂದಿನ ವಾರ ಅಂದ. ಆವಾಗ ನನ್ನ ಮಗಳು ಸ್ಕೂಲಿಗೆ ಹೋಗ್ತಿದ್ಳು. ಈಗ ಅವಳ ಮಗ ಹೋಗ್ತಿದ್ದಾನೆ."

"ನಿನಗೆ ಕಪಾಟಾದ್ರೂ ಬಂತಲ್ಲೋ! ನನಗೆ ಬರೀ ಅಳತೆ ತಗೊಂಡು ಹೋದ," ಎಂದಳು ವಸೀಲ್ಕಾ.

ಎಲ್ಲರೂ ನಕ್ಕರು. ಪೆನ್ಕಾಳಿಗೂ ನಗು ಬಂತು. ನಕ್ಕ ಬಾಯನ್ನು ತಲೆವಸ್ತ್ರದ ಕರಿ ಅಂಚಿನಿಂದ ಮುಚ್ಚಿಕೊಂಡಳು.

* * *

ಚಳಿ ಶುರುವಾದಾಗಿನಿಂದ ನೀರು ಸರಿಯಾಗಿ ಕಾಯುತ್ತಿರಲಿಲ್ಲ. ಪುಟ್ಟ ಬಾಯ್ಲರ್. ಶನಿವಾರ ಮೊದಲು ಪೆನ್ಕಾಳ ಸ್ನಾನ, ಆಮೇಲೆ ಉಳಿದದ್ದರಲ್ಲಿ ಝಹಾರಿಯದು. ಅವಳಿಗೋ ತಲೆ ತೊಳೆಯುವುದೆಂದರೆ ಹಬ್ಬ, ನೀರು ತಣ್ಣಗಾಗುವ ತನಕ ಈಚೆ ಬರುತ್ತಿರಲಿಲ್ಲ. ಹಾಗಾಗಿ ಬಾಯ್ಲರ್ ಕೆಟ್ಟಾಗ ಗೊಣಗಿದ್ದೂ ಅವಳೊಬ್ಬಳೇ.

"ರಿಪೇರಿಯವನನ್ನ ಕರೀರಿ ಅಂದ್ರೆ ನಿಮಗೇನು ಕಷ್ಟ?"

"ಬೇರೆಯವನು ಬಂದು ನನ್ನ ಬಾಯ್ಲರಿಗೆ ಕೈ ಹಾಕೋದಾ? ನಾನೇನು ಸತ್ತಿದ್ದೀನಾ?"

ಕೊನೆಗೆ ಎರಡು ದಿನದ ಹಿಂದೆ, ಮಧ್ಯಾಹ್ನ, ಸ್ವಿಚ್ಚು ಆರಿಸಿ, ನೀರು ಬಸಿದು, ತಳದ ಮುಚ್ಚಳ ಬಿಚ್ಚಿದ. ಬಿಳಿಯ ಸುಣ್ಣ ದಪ್ಪಗೆ ಕಟ್ಟಿದ ಕಾಯಿಲನ್ನು, ಹಿಡಿದ ಮೀನಿನ ಹಾಗೆ ಎತ್ತಿಕೊಂಡು ಅಡುಗೆಮನೆಗೆ ಬಂದ.

"ನೋಡೇ! ಸುಟ್ಟಿಲ್ಲ ಕಣೇ ಇದು. ಸುಣ್ಣ ಕೂತು ಕಂಬಳಿ ಹೊದ್ಕೊಂಡಿದೆ ಅಷ್ಟೇ. ರಾತ್ರಿಯೆಲ್ಲ ವಿನೆಗರ್‌ನಲ್ಲಿ ನೆನೀಲಿ. ನಾಳೆ ನಿನಗೆ ಕುದಿಯೋ ನೀರು."

ಮೆಣಸಿನಕಾಯಿಗೆ ಮಸಾಲೆ ತುಂಬುತ್ತಿದ್ದವಳು ತಲೆ ಎತ್ತಲಿಲ್ಲ. "ನಿಮ್ಮ ನಾಳೆ ಯಾವತ್ತು ಬಂದಿದೆ? ಈ ಮನೇಲಿ ನೀವು ಮುಗಿಸಿದ ಕೆಲಸ ಒಂದೇ ಒಂದು ತೋರಿಸಿ ನೋಡೋಣ."

ಝಹಾರಿ ಸುತ್ತಲೂ ನೋಡಿದ, ನಿಜವಾಗಿಯೂ ಹುಡುಕುವವನಂತೆ. ಆಮೇಲೆ ಕಾಯಿಲನ್ನು ಬಕೆಟ್ಟಿಗಿಳಿಸಿ, ಕೈ ಒರೆಸಿಕೊಂಡು ಸೋಫಾದ ಮೇಲೆ ಮಲಗಿದ. ಊಟಕ್ಕೆಬ್ಬಿಸಲು ಹೋದರೆ ಏಳಲಿಲ್ಲ.

* * *

"ನಾಳೆ ನನ್ನ ಅಳಿಯನಿಗೆ ಹೇಳಿ ಹೊಸ ಬಾಯ್ಲರ್ ತರಿಸ್ತೀನಿ, ಪೆನ್ಕಾ. ಇದನ್ನ ಎಸೆದ್ಬಿಡು," ಎಂದಳು ವಸೀಲ್ಕಾ.

"ಬೇಡ." ಪೆನ್ಕಾ ಮೆತೋದಿಯ ಕಡೆ ತಿರುಗಿದಳು. "ನಿಮಗೆ ಅದನ್ನ ಕೂರಿಸಕ್ಕೆ ಬರುತ್ತಾ?"

"ಇವತ್ತೇನಾ ಅತ್ತಿಗೆ?"

"ಇವತ್ತೇ. ಅವರು ಶುರು ಮಾಡಿದ್ದು ಇದೊಂದಾದ್ರೂ ಮುಗೀಲಿ."

ಮೆತೋದಿ ಕೋಟು ಬಿಚ್ಚಿ ತೋಳು ಮಡಿಸಿದ. ವಿನೆಗರ್‌ನಿಂದ ಎತ್ತಿದ ಕಾಯಿಲ್ ತಾಮ್ರದ ಕೆಂಪಿನಲ್ಲಿ ಥಳಥಳಿಸಿತು. ಬಟ್ಟೆ ಒಗೆಯುವ ಯಂತ್ರದ ಮೇಲೆ ಝಹಾರಿ ತಂದಿಟ್ಟಿದ್ದ ಹೊಸ ವಾಷರ್ ಕಾಯುತ್ತಿತ್ತು. ಪೆನ್ಕಾ ದೀಪ ಹಿಡಿದಳು.

"ಎಂಥಾ ಸುಖಪುರುಷ ಗೊತ್ತಾ ನಿನ್ನ ಗಂಡ?" ಮೆತೋದಿ ಬೋಲ್ಟು ಬಿಗಿಯುತ್ತ ಹೇಳಿದ. "ಪಾಳಿ ಮುಗಿದ್ಮೇಲೆ ಗಣಿಯ ಸ್ನಾನದ ಮನೇಲಿ ಸುಡೋ ನೀರಿನ ಕೆಳಗೆ ಹಾಡ್ಕೊಂಡು ನಿಂತ್ಬಿಡೋನು, ಕೆಂಪಗೆ ಬೆಂದು! ಕಾವಲುಗಾರ ಬಂದು ನಲ್ಲಿ ತಿರುಗಿಸೋ ತನಕ ಕದಲ್ತಿರ್ಲಿಲ್ಲ. ಬಿಸಿನೀರಂದ್ರೆ ಪ್ರಾಣ ಬಿಡ್ತಿದ್ದ ಮಾರಾಯ."

"ಝಹಾರಿನಾ? ಇಲ್ಲಪ್ಪ, ಬೇರೆ ಯಾರೋ ಇರ್ಬೇಕು. ಅವರಿಗೆ ಬಿಸಿನೀರು ಆಗ್ತಾನೇ ಇರ್ಲಿಲ್ಲ. ತಣ್ಣಗಿದ್ರೇ ಮೈಗೆ ಹಿತ ಅಂತಿದ್ರು. ಅದಕ್ಕೇ ಯಾವಾಗಲೂ ನನ್ನದಾದ ಮೇಲೆ..."

ಅವಳು ದೀಪವೆತ್ತಿ ಆ ಪುಟ್ಟ ಬಾಯ್ಲರನ್ನು ಮೇಲಿಂದ ಕೆಳಗೆ ನೋಡಿದಳು. ಮೆತೋದಿ ಬಿಗಿಯಾಗಿದ್ದ ಬೋಲ್ಟನ್ನೇ ಮತ್ತೆ ಬಿಗಿದ.

ನೀರು ಬಿಟ್ಟಾಗ ನಲ್ಲಿ ಕೆಮ್ಮಿತು, ಗಾಳಿ ಉಗುಳಿತು, ಆಮೇಲೆ ಒಂದೇ ಧಾರೆಯಾಯಿತು. "ತುಂಬ್ತು. ಈಗ ಹಾಕು ಅತ್ತಿಗೆ." ಬಾಗಿಲ ಹೊರಗಿನ ಸ್ವಿಚ್ಚನ್ನು ಪೆನ್ಕಾ ಒತ್ತಿದಳು. ಪುಟ್ಟ ಕೆಂಪು ದೀಪ ಹೊತ್ತಿತು.

ಎಲ್ಲರೂ ಹೋಗುವ ಹೊತ್ತಿಗೆ ನೀರು ಕಾದು ಅದು ತಾನಾಗಿ ಆರಿತ್ತು. ಪೆನ್ಕಾ ರೂಢಿಯಂತೆ ಸ್ವಿಚ್ಚು ಆರಿಸಿ ಒಳಗೆ ಹೋದಳು. ನಲ್ಲಿ ತಿರುಗಿಸಿದರೆ ಕೈ ಸುಡುವಷ್ಟು ಬಿಸಿ. ಸಾವಿನ ಮನೆಯೆಂದು ಕನ್ನಡಿಗೆ ಹೊದಿಸಿದ್ದ ಬಟ್ಟೆ ಹಬೆಗೆ ಒದ್ದೆಯಾಯಿತು. ಒಂದು ಬೊಗಸೆ ನೀರಿನಲ್ಲಿ ಮುಖ ತೊಳೆದು, ಅವಸರವಾಗಿ ನಲ್ಲಿ ನಿಲ್ಲಿಸಿದಳು.

ಝಹಾರಿಯ ಒಣ ಟವೆಲನ್ನು ಗೂಟಕ್ಕೆ ಹಾಕಿ, ಬಾಗಿಲನ್ನು ಅರ್ಧ ತೆರೆದಿಟ್ಟು ಹೊರಗೆ ಬಂದಳು. ಒಳಗೆ, ಗೋಡೆಯ ಮೇಲೆ, ತುಂಬಿದ ಬಾಯ್ಲರ್ ಟಿಕ್ ಟಿಕ್ ಎನ್ನುತ್ತ ತಣ್ಣಗಾಗತೊಡಗಿತು.