ದಸರಾ ಕಪ್ಪಿನ ನಾಲ್ಕನೇ ಫೈನಲ್

ಹೊಸೂರಿನ ಕಾರ್ಖಾನೆಯೊಂದರ ರೋಲರ್ ಹಾಕಿ ತಂಡದಲ್ಲಿ ಆಡುವುದಕ್ಕೆಂದೇ ಸಂಬಳ ಪಡೆಯುತ್ತಿದ್ದವನು ತಿಲಕ್. ಕಾಲಿಗೆ ಚಕ್ರದ ಬೂಟು, ಕೈಯಲ್ಲಿ ಕೋಲು, ಸಿಮೆಂಟು ನೆಲದ ಮೇಲೊಂದು ಚೆಂಡು. ಇದೂ ಒಂದು ಕೆಲಸವೇ ಎಂದು ಅವನ ಮನೆಯಿದ್ದ ಅವಲಪಲ್ಲಿಯ ಬೀದಿಯವರೆಲ್ಲ ಮೊದಮೊದಲು ಮೂಗು ಮುರಿದರು. ಅವನ ತಾಯಿ ಲಕ್ಷ್ಮೀದೇವಮ್ಮನೂ ಮುರಿದಿದ್ದಳೆನ್ನಿ. ತಿಂಗಳು ತಿಂಗಳು ಸಂಬಳ ಮನೆಗೆ ಬರತೊಡಗಿದ ಮೇಲೆ ಆ ಮೂಗು ತಾನಾಗಿ ನೆಟ್ಟಗಾಯಿತು.

ಆದರೆ ತಂಡದ ಹಣೆಬರಹ ನೋಡಿ. ದಸರಾ ಕಪ್ಪಿನಲ್ಲಿ 2005ರಲ್ಲಿ ಸೇಲಂನವರೆದುರು ಸೋಲು, ಮರುವರ್ಷ ಕೊಯಮತ್ತೂರಿನವರೆದುರು, ಅದರ ಮರುವರ್ಷ ಮತ್ತೆ ಸೇಲಂನವರೆದುರು. ಮೂರೂ ಸಲ ಫೈನಲಿನಲ್ಲೇ. ಸೆಮಿಫೈನಲಿನ ತನಕ ಗಾಳಿಯಂತೆ ನುಗ್ಗುವ ತಿಲಕ್, ಫೈನಲಿನ ದಿನ ಕೆಸರುಗದ್ದೆಗೆ ಇಳಿದವನಂತೆ ಆಗಿಬಿಡುತ್ತಿದ್ದ. ಈ ಸಲವೂ ಸೋತರೆ ತಂಡವನ್ನೇ ಮುಚ್ಚುತ್ತೇವೆ, ಹುಡುಗರು ಬೇರೆ ಕೆಲಸ ಹುಡುಕಿಕೊಳ್ಳಲಿ ಎಂದು ಕಂಪನಿಯವರು ಹೇಳಿಯಾಗಿತ್ತು.

ಪ್ರತಿವರ್ಷದಂತೆ ವಿಜಯದಶಮಿಯ ಮಧ್ಯಾಹ್ನವೇ, 2008ರಲ್ಲಿ ನಾಲ್ಕನೇ ಫೈನಲ್. ಪಕ್ಕದ ಮನೆಯ ಮುನಿಗಂಗಮ್ಮನ ಜೊತೆ ಲಕ್ಷ್ಮೀದೇವಮ್ಮ ಮೈದಾನದ ಮೆಟ್ಟಿಲ ಮೇಲೆ ಕೂತಿದ್ದಳು. ಕೊಯಮತ್ತೂರಿನವರು ಆಗಲೇ ಎರಡು ಗೋಲು ಹೊಡೆದಿದ್ದರು. ಇವರದು ಸೊನ್ನೆ. ತಿಲಕ್ ಬೆವರಿಳಿಸಿಕೊಂಡು ತಳ್ಳುತ್ತಿದ್ದ, ಬೂಟು ಮುಂದೆ ಹೋಗುತ್ತಿರಲಿಲ್ಲ.

ವಿರಾಮಕ್ಕೆ ಸ್ವಲ್ಪ ಮುಂಚೆ ಅವನೂ ಜೊತೆಗಾರ ಭೈರೇಶನೂ ಡಿಕ್ಕಿ ಹೊಡೆದು ಅಂಗಾತ ಬಿದ್ದರು. ಭೈರೇಶನ ಮುಂಗೈ ಊದಿಕೊಂಡಿತು, ಅವನ ಆಟ ಅಲ್ಲಿಗೆ ಮುಗಿಯಿತು. ಆದರೆ ಲಕ್ಷ್ಮೀದೇವಮ್ಮ ನೋಡಿದ್ದು ಬೇರೆ. ಬಿದ್ದಾಗ ಮೇಲೆ ಚಾಚಿದ್ದ ಭೈರೇಶನ ಕಾಲಿನ ಚಕ್ರಗಳು ಗಿರ್ರನೆ ತಿರುಗುತ್ತಲೇ ಇದ್ದವು. ತನ್ನ ಮಗನ ಕಾಲಿನವು ಮಿಸುಕಲಿಲ್ಲ.

ಅವಳಿಗೆ ಥಟ್ಟನೆ ನೆನಪಾಯಿತು. ಹಿಂದಿನ ದಿನ ಆಯುಧಪೂಜೆ. ಊರಿನ ಲೇತ್‌ಗಳು, ಮೊಪೆಡ್‌ಗಳಿಗೆಲ್ಲ ಪೂಜೆ ನಡೆಯುವಾಗ ಮಗನಿಗೆ ಅನ್ನ ಕೊಡುವ ಬೂಟಿಗೆ ಬೇಡವೇ? ಮೊದಲ ವರ್ಷ ಚಕ್ರಕ್ಕೆ ಕುಂಕುಮ ಹಚ್ಚಿ, ನಿಂಬೆಹಣ್ಣು ಹಿಂಡಿ, ಒಡೆದ ಕಾಯಿಯ ನೀರನ್ನು ತುಸು ಚಿಮುಕಿಸಿದ್ದಳು. ಸೋತದ್ದಕ್ಕೆ ಮರುವರ್ಷ ಇನ್ನಷ್ಟು. ಈ ಸಲ ಇಡೀ ಕಾಯಿಯ ನೀರು ಸುರಿದು, ಬೆಳಿಗ್ಗೆ ಮೇಲ್ಮೇಲೆ ಒರೆಸಿಟ್ಟಿದ್ದಳು. ಸೆಮಿಫೈನಲಿಗೆ ಎಣ್ಣೆ ಬಿಟ್ಟು ಬಿಗಿಸಿದ ಚಕ್ರವನ್ನು ಪಂದ್ಯಾವಳಿ ಮುಗಿಯುವ ತನಕ ಬಿಚ್ಚಬಾರದು ಎಂಬುದು ಆಟಗಾರರ ನಂಬಿಕೆ. ಹಾಗಾಗಿ ಆ ನೀರು ಒಳಗಿಳಿದು, ಎಣ್ಣೆ ತೊಳೆದು ಅಂಟುಗಟ್ಟಿದ್ದನ್ನು ಯಾರೂ ನೋಡಿರಲಿಲ್ಲ.

ಹೇಳಿದರೆ ಮಗ ಜನ್ಮದಲ್ಲಿ ಮಾತಾಡಿಸುತ್ತಾನೋ ಇಲ್ಲವೋ. ಹೇಳದಿದ್ದರೆ ಅವನ ಕೆಲಸ ಹೋಗುತ್ತದೆ. ವಿರಾಮವಾಗುತ್ತಲೇ ಅವಳು ಇಳಿದು ಕಂಬಿ ಹಿಡಿದು ಕೂಗಿದಳು.

"ಲೋ ತಿಲಕಾ, ಬಾರ್ಲಾ ಇಲ್ಲಿ!"

"ಸುಮ್ಕಿರಮ್ಮ. ನನ್ ಕಾಲೇ ಸರಿಯಿಲ್ಲ. ಫೈನಲ್ ಅಂದ್ರೆ ಹೆದ್ರಿ ಮರಗಟ್ಟೋಯ್ತವೆ. ನನ್ನ ಹೊರ್ಗೆ ಕೂರ್ಸಿ ಅಂತ ಕೋಚ್‌ಗೆ ಹೇಳಕ್ಕೋಯ್ತಾ ಇವ್ನಿ."

"ಕಾಲಲ್ಲ ಕಣ್ಲಾ, ಚಕ್ರ. ಪೂಜೇಲಿ ಕಾಯಿ ನೀರು ಹುಯ್ದ್‌ಬುಟ್ಟೆ."

ತಿಲಕ್ ಬಗ್ಗಿ ಚಕ್ರವನ್ನು ಬೆರಳಿನಿಂದ ತಿರುಗಿಸಿದ. ಕರಕರ ಎಂದು ನಿಂತಿತು.

"ಹೋದೊರ್ಷ?"

"ಹುಯ್ದಿದ್ದೆ."

"ಅದ್ರ ಹಿಂದ್ಲೊರ್ಷ?"

"ಆಗ್ಲೂವೆ," ಎಂದು ಅವಳು ತಲೆ ತಗ್ಗಿಸಿದಳು. ಬೈಗುಳಕ್ಕೆ ಕಾದಳು, ಬರಲಿಲ್ಲ. ತಲೆಯೆತ್ತಿದರೆ ಮಗ ನೆಲದ ಮೇಲೆ ಕೂತು ಎರಡೂ ಮೊಣಕಾಲನ್ನು ಸವರಿಕೊಳ್ಳುತ್ತಿದ್ದ. ಕಣ್ಣಲ್ಲಿ ನೀರು.

"ಹಂಗಾದ್ರೆ ನನ್ ಕಾಲಲ್ವಾ ಅಮ್ಮ?"

ಇಷ್ಟು ವರ್ಷ ಅವನು ಒಬ್ಬನೇ ಏನು ಹೊತ್ತುಕೊಂಡಿದ್ದ ಎಂದು ಅವಳಿಗೆ ಆಗ ತಿಳಿಯಿತು. ಅವನು ಭೈರೇಶನ ಬೂಟು ಇಸಕೊಂಡು, ಸಡಿಲವೆಂದು ಮುಂಬದಿಗೆ ಬಟ್ಟೆ ತುರುಕಿ ಮೈದಾನಕ್ಕೆ ಇಳಿದ.

ಆಟ ಮುಗಿದಾಗ ಇವರ ಮೂರು ಗೋಲಿಗೆ ಅವರದು ಎರಡು. ಕೊನೆಯದು ಮುಗಿಯುವ ಗಳಿಗೆಯಲ್ಲಿ, ತಿಲಕನದೇ. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿದರು.

ಮುನಿಗಂಗಮ್ಮ ಓಡಿ ಬಂದು ತಬ್ಬಿಕೊಂಡಳು. "ನೋಡ್ದಾ ಲಕ್ಷ್ಮಕ್ಕ, ನಿನ್ ಪೂಜೆ ಕೊನೆಗೂ ಕೈ ಬಿಡ್ಲಿಲ್ಲ!"

"ಮುಂದ್ಲೊರ್ಷ ಒಂದು ಹೂವ ಇಟ್ರೆ ಸಾಕು ಕಣಕ್ಕ," ಎಂದು ಲಕ್ಷ್ಮೀದೇವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.