ಒಡೆಯದ ಲಕೋಟೆಗಳು

ಯಾರಾದರೂ ಮಾತಿಗೆ ತೊಡಗಿದರೆ ಮೇಡಂ ಎಡಗಿವಿಯನ್ನು ಮುಂದೆ ಚಾಚಿ, ಕಣ್ಣು ಅರೆಮುಚ್ಚಿ, ಎದುರಿಗೆ ಕುಳಿತವರು ಯಾವುದೋ ದೂರದ ರೇಡಿಯೋ ನಿಲಯದಿಂದ ಕರಕರ ಸದ್ದಿನ ನಡುವೆ ಕೇಳಿಬರುತ್ತಿದ್ದಾರೇನೋ ಎಂಬಂತೆ ಆಲಿಸುತ್ತಿದ್ದರು. ಹಳೆಯ ಧ್ವನಿಸುರುಳಿಗಳ ಸಹವಾಸದಲ್ಲಿ ಬಲಗಿವಿ ಎಂದೋ ಮಂದವಾಗಿತ್ತು.

ಮೇಡಂ ಇದ್ದ ಕಾಲೇಜಿನ ಇತಿಹಾಸ ವಿಭಾಗದಲ್ಲೇ ನಾನು ರಾಜವಂಶಗಳನ್ನು ಬೋಧಿಸುತ್ತಿದ್ದೆ, ಮರ್ಯಾದಸ್ಥ ವಿಷಯ. ಅವರದ್ದು ರೇಡಿಯೋ, ಸಿನಿಮಾ ಹಾಡು, ಜನಸಾಮಾನ್ಯರ ರಂಜನೆ. ಬಡ್ತಿಯ ಸಂದರ್ಶನದಲ್ಲಿ ಹಿರಿಯರೊಬ್ಬರು, "ಇದೂ ಒಂದು ಇತಿಹಾಸವೇನಮ್ಮಾ? ನಮ್ಮಜ್ಜಿನೂ ರೇಡಿಯೋ ಕೇಳ್ತಿದ್ರು" ಎಂದು ನಕ್ಕರು.

"ಏನು ಕೇಳ್ತಿದ್ರು ಅಂತ ನೀವು ಯಾವತ್ತಾದ್ರೂ ಕೇಳಿದ್ರಾ ಸಾರ್?" ಎಂದರು ಮೇಡಂ. ಬಡ್ತಿ ಮತ್ತೆ ಆರು ವರ್ಷ ಅವರತ್ತ ತಲೆಹಾಕಲಿಲ್ಲ.

ರೇಡಿಯೋ ನಿಲಯದವರು ರದ್ದಿಗೆ ಹಾಕಲಿದ್ದ ಶ್ರೋತೃಗಳ ಪತ್ರಗಳನ್ನು, ಒಟ್ಟು ಹನ್ನೊಂದು ಚೀಲ, ಮೇಡಂ ಕಾಡಿಬೇಡಿ ತಂದು, ಮೆಟ್ಟಿಲ ಕೆಳಗಿನ ತೇವದ ಕೋಣೆಯಲ್ಲಿ, ಮೊಣಕೈ ಸವೆದ ಬೂದು ಕೋಟು ತೊಟ್ಟು, ಧೂಳಿಗೆ ಸೀನುತ್ತ, ವರ್ಷಗಟ್ಟಲೆ ಓದಿದರು. ಅರ್ಧಕ್ಕರ್ಧ ಲಕೋಟೆಗಳನ್ನು ಯಾರೂ ಒಡೆದೇ ಇರಲಿಲ್ಲ. ದಶಕಗಳ ತರುವಾಯ ಅವನ್ನು ಮೊದಲು ಬಿಡಿಸಿದವರು ಇವರೇ.

ಪತ್ರಗಳ ಸುದ್ದಿ ಹೇಗೋ ತಿಳಿದು, ಒಂದು ಮಧ್ಯಾಹ್ನ ಮುದುಕ ದರ್ಜಿಯೊಬ್ಬ ಬಂದ. ನಾನು ಅಲ್ಲೇ ಕುಳಿತಿದ್ದೆ.

"ಹಾಸಿಗೆ ಹಿಡಿದಿದ್ದ ನಮ್ಮಕ್ಕನಿಗೋಸ್ಕರ ಒಂದು ಹಾಡು ಹಾಕಿ ಅಂತ ವಾರವಾರ ಬರೀತಿದ್ದೆ. ಹಾಕ್ಲೇ ಇಲ್ಲ. ಅವಳು ಕಾಯ್ತಾ ಕಾಯ್ತಾನೇ ಹೋದ್ಲು. ರೇಡಿಯೋದವ್ರು ಓದಾದ್ರೂ ಓದಿದ್ರಾ? ಅಷ್ಟು ಹೇಳಿ ಸಾಕು."

ಚೀಲದಲ್ಲಿದ್ದ ಅವನ ನಲವತ್ತು ಲಕೋಟೆಗಳೂ ಮೇಡಂ ಬಿಡಿಸುವವರೆಗೆ ಒಡೆಯದವು. "ಆಧಾರ ಎಲ್ಲಿ?" ಎಂದು ವಿದ್ಯಾರ್ಥಿಗಳ ಪುಟಪುಟಕ್ಕೂ ಕೆಂಪು ಶಾಯಿ ಬಳಿಯುತ್ತಿದ್ದ ಹೆಂಗಸು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಓದಿದಾರೆ, ಯಜಮಾನ್ರೇ. ಎಲ್ಲಾನೂ ಓದಿದಾರೆ. ಆ ಹಾಡಿನ ರೆಕಾರ್ಡೇ ಅವ್ರ ಹತ್ರ ಇರ್ಲಿಲ್ಲ."

"ಹಾಗಾದ್ರೆ ಸರಿ ಬಿಡಿ," ಎಂದ ಅವನು ಕನ್ನಡಕ ಒರೆಸಿಕೊಂಡು, ಕೈಮುಗಿದು ಹೊರಟುಹೋದ.

ನಿವೃತ್ತಿಯ ವರ್ಷ ಆ ಪತ್ರಗಳ ಕುರಿತ ಮೇಡಂ ಅವರ ಪುಸ್ತಕ ಬಂತು. ಒಡೆಯದ ಲಕೋಟೆಗಳ ಪಟ್ಟಿಯಲ್ಲಿ ನಲವತ್ತು ಕಡಿಮೆಯಿದೆ, ಮೊತ್ತ ತಾಳೆಯಾಗದು ಎಂದು ವಿಮರ್ಶಕನೊಬ್ಬ ಎತ್ತಿ ತೋರಿಸಿ, ಇಡೀ ಸಂಶೋಧನೆಯೇ ಅಜಾಗರೂಕವೆಂದು ಬರೆದ. ಉತ್ತರ ಬರೆಯಿರೆಂದು ನಾನು ಒತ್ತಾಯಿಸಿದೆ. "ಸುಸ್ತಾಗಿದೆ, ಬಿಡಿ," ಎಂದರು.

ಗತಿಸಿದವರ ಸತ್ಯಕ್ಕಾಗಿ ಆಯುಷ್ಯ ಸವೆಸಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಅವರಿಗೆ ಗ್ರಂಥಾಲಯಗಳಲ್ಲಿ ಭಾವಚಿತ್ರಗಳಿವೆ. ಆ ಸತ್ಯ ಬದುಕಿರುವವನೊಬ್ಬನ ಎದೆಗೆ ಭಾರವಾದೀತೆಂದು ಅದನ್ನು ತಾವೇ ಹೊತ್ತು, ತಪ್ಪು ಲೆಕ್ಕದವರೆಂಬ ಹೆಸರಿನಲ್ಲಿ ಮನೆಗೆ ಹೋಗುವವರು ವಿರಳ. ಅಂಥವರ ದಣಿವನ್ನು ಯಾವ ಇತಿಹಾಸವೂ ದಾಖಲಿಸುವುದಿಲ್ಲ.